ಕಾಡುರಸ್ತೆಯಲ್ಲಿ ರಾತ್ರಿ ಶಿಕಾರಿಯ ಅನುಮಾನ ಬಂದರೆ: ಕಂಡ ಗಳಿಗೆಯಿಂದ ದೂರಿನ ಸ್ವೀಕೃತಿಯವರೆಗೆ

ರಾತ್ರಿ ಹನ್ನೊಂದೂವರೆ. ಹುಡ್ ತೆಗೆದ ಜೀಪೊಂದು ಕಾಡಂಚಿನ ರಸ್ತೆಯಲ್ಲಿ ನಡಿಗೆಯ ವೇಗದಲ್ಲಿ ಸಾಗುತ್ತಿದೆ. ಅದರಿಂದ ಬೀಳುವ ಬ್ಯಾಟರಿಯ ಬೆಳಕು ತೋಟದ ಬೇಲಿ, ಗದ್ದೆಯ ಬದು, ಕಾಡಿನ ಅಂಚುಗಳನ್ನು ಒಂದೊಂದಾಗಿ ತಡಕುತ್ತದೆ. ಒಂದು ಕಡೆ ನಿಲ್ಲುತ್ತದೆ. ಈಡಿನ ಸದ್ದು ಕೇಳುತ್ತದೆ. ಬೆಳಕು ಆರುತ್ತದೆ.

ಮಲೆನಾಡು, ಕೊಡಗು, ಚಾಮರಾಜನಗರದ ಕಾಡಂಚಿನಲ್ಲಿ ಇರುವವರಿಗೆ ಇದು ಹೊಸ ದೃಶ್ಯವಲ್ಲ. ದೂರು ಕೊಡಲು ಮನಸ್ಸು ಮಾಡಿದವರೂ ಬಹಳ ಜನ. ಆದರೆ ಅವರು ಮೊದಲು ವಾಹನದ ಬೆನ್ನು ಹತ್ತುತ್ತಾರೆ, ಆಮೇಲೆ ವಾಟ್ಸ್‌ಆ್ಯಪ್ ಗುಂಪಿಗೆ ವಿಡಿಯೊ ಹಾಕುತ್ತಾರೆ, ಬೆಳಗ್ಗೆ ರಕ್ತದ ಕಲೆಯ ಸುತ್ತ ಹತ್ತು ಜನ ನಿಂತು ನೋಡುತ್ತಾರೆ, ಮಧ್ಯಾಹ್ನ ಅರಣ್ಯ ಕಚೇರಿಗೆ ಫೋನ್ ಮಾಡುತ್ತಾರೆ. ಅಷ್ಟರಲ್ಲಿ ಮಾಂಸ ಹಂಚಿಹೋಗಿರುತ್ತದೆ, ಕೋವಿ ಅಟ್ಟ ಸೇರಿರುತ್ತದೆ, ಜೀಪು ತೊಳೆದು ಒಣಗಿರುತ್ತದೆ. ಧೈರ್ಯಕ್ಕೆ ಕೊರತೆ ಇರಲಿಲ್ಲ, ಅನುಕ್ರಮ ತಪ್ಪಿತು. ಬೇಟೆಗಾರನನ್ನು ಹಿಡಿಯುವ ಹೊಣೆ ನಿಮ್ಮದಲ್ಲ. ಕಂಡದ್ದನ್ನು ಕೆಡಿಸದೆ, ತಡಮಾಡದೆ, ಹಿಡಿಯುವ ಅಧಿಕಾರ ಇರುವವರಿಗೆ ತಲುಪಿಸುವುದಷ್ಟೇ ನಿಮ್ಮ ಪಾಲಿನ ಕೆಲಸ. ಅದನ್ನು ಯಾವ ಕ್ರಮದಲ್ಲಿ ಮಾಡಬೇಕೆಂದು ಇಲ್ಲಿ ಬರೆದಿದ್ದೇನೆ.

## ಹಂತ 1: ಹಗಲಿನಲ್ಲೇ ಮುಗಿಸಬೇಕಾದ ಸಿದ್ಧತೆ

ನಡುರಾತ್ರಿಯಲ್ಲಿ ಯಾರಿಗೆ ಫೋನ್ ಮಾಡಬೇಕೆಂದು ಹುಡುಕಲು ಹೊರಟರೆ ಅರ್ಧ ಗಂಟೆ ಹೋಗುತ್ತದೆ. ಆದ್ದರಿಂದ ಒಂದು ದಿನ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋಗಿ ನಿಮ್ಮ ರಸ್ತೆ ಯಾವ ವಲಯಕ್ಕೆ, ಯಾವ ಗಸ್ತಿಗೆ (ಬೀಟ್) ಸೇರಿದೆ ಎಂದು ಕೇಳಿ ತಿಳಿದುಕೊಳ್ಳಿ. ರಸ್ತೆಯ ಎಡಬದಿ ಪ್ರಾದೇಶಿಕ ವಿಭಾಗಕ್ಕೂ ಬಲಬದಿ ವನ್ಯಜೀವಿ ವಿಭಾಗಕ್ಕೂ ಸೇರಿರುವ ಜಾಗಗಳಿವೆ. ಅಂಥಲ್ಲಿ ತಪ್ಪು ಕಚೇರಿಗೆ ಕರೆ ಹೋದರೆ 'ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ' ಎಂಬ ಉತ್ತರ ಕೇಳಿಕೊಂಡು ಫೋನ್ ಇಡಬೇಕಾಗುತ್ತದೆ.

ವಲಯ ಅರಣ್ಯಾಧಿಕಾರಿ, ಉಪ ವಲಯ ಅರಣ್ಯಾಧಿಕಾರಿ, ಗಸ್ತು ಅರಣ್ಯ ಪಾಲಕ, ಈ ಮೂವರ ಸಂಖ್ಯೆಗಳು ಮೊಬೈಲಿನಲ್ಲಿ ಇರಲಿ. ಇವರೆಲ್ಲ ವರ್ಗಾವಣೆಯಾಗುವವರು, ವರ್ಷಕ್ಕೊಮ್ಮೆ ಪಟ್ಟಿಯನ್ನು ತಿದ್ದಿಕೊಳ್ಳಬೇಕು. ಜೊತೆಗೆ ಅರಣ್ಯ ಇಲಾಖೆಯ ಸಹಾಯವಾಣಿ 1926 ಮತ್ತು ತುರ್ತು ಸಂಖ್ಯೆ 112. ಇವೆಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ವಾಹನದಲ್ಲಿಯೂ ಇಡಿ. ಮೊಬೈಲಿನ ಚಾರ್ಜು ಮುಗಿಯಲು ಇಂಥ ರಾತ್ರಿಯನ್ನೇ ಆರಿಸಿಕೊಳ್ಳುತ್ತದೆ.

ಇನ್ನೊಂದು ಕೆಲಸವನ್ನು ಯಾರೂ ಮಾಡುವುದಿಲ್ಲ. ನಿಮ್ಮ ರಸ್ತೆಯ ಗುರುತುಗಳನ್ನು ಪಟ್ಟಿ ಮಾಡಿ: ಕಿಲೋಮೀಟರ್ ಕಲ್ಲು, ಮೋರಿ, ಸೇತುವೆ, ಬಸ್ ತಂಗುದಾಣ, ಟ್ರಾನ್ಸ್‌ಫಾರ್ಮರ್ ಕಂಬದ ಮೇಲೆ ಬರೆದ ಸಂಖ್ಯೆ. 'ದೊಡ್ಡ ಹಲಸಿನ ಮರದ ಹತ್ತಿರ' ಎಂದರೆ ಊರಿನವರಿಗೆ ತಿಳಿಯುತ್ತದೆ, ಮೊನ್ನೆ ವರ್ಗಾವಣೆಯಾಗಿ ಬಂದ ಅಧಿಕಾರಿಗೆ ತಿಳಿಯುವುದಿಲ್ಲ. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದರೆ ನೆಟ್‌ವರ್ಕ್ ಇಲ್ಲದಲ್ಲಿಯೂ ಮೊಬೈಲಿನ ಜಿಪಿಎಸ್ ನೀವು ನಿಂತ ಜಾಗದ ಅಕ್ಷಾಂಶ, ರೇಖಾಂಶಗಳನ್ನು ತೋರಿಸುತ್ತದೆ.

ಉಳಿದಂತೆ ಬೇಕಾಗುವುದು ಒಂದು ಪುಟ್ಟ ನೋಟ್‌ಬುಕ್, ಪೆನ್ನು, ಪವರ್ ಬ್ಯಾಂಕ್. ಕತ್ತಿ, ದೊಣ್ಣೆ, ದೊಡ್ಡ ಬ್ಯಾಟರಿ ಈ ಕೆಲಸಕ್ಕೆ ಬೇಡ.

## ಹಂತ 2: ಅನುಮಾನವನ್ನು ತೂಗಿ ನೋಡುವುದು

ರಾತ್ರಿ ಬೆಳಕು ಕಂಡ ಮಾತ್ರಕ್ಕೆ ಬೇಟೆಯಲ್ಲ. ಮುಂಗಾರಿನ ಮೊದಲ ಮಳೆಗೆ ಗದ್ದೆ, ಹಳ್ಳಗಳಲ್ಲಿ ಹತ್ತುಮೀನು, ಏಡಿ ಹಿಡಿಯಲು ಬ್ಯಾಟರಿ, ಕತ್ತಿ ಹಿಡಿದು ಓಡಾಡುವವರು ಇರುತ್ತಾರೆ. ಭತ್ತ ತೆನೆಗೆ ಬಂದಾಗ ಆನೆ, ಹಂದಿ ಓಡಿಸಲು ರೈತರು ಪಟಾಕಿ ಹೊಡೆಯುತ್ತಾರೆ. ಆನೆ ಕಾರ್ಯಪಡೆಯವರೂ ಗಸ್ತಿನ ಸಿಬ್ಬಂದಿಯೂ ಜೀಪು, ಬೆಳಕು, ಕೋವಿ ಸಮೇತ ಅದೇ ರಸ್ತೆಯಲ್ಲಿ ತಿರುಗುತ್ತಾರೆ.

ಕೋವಿ ಕಂಡ ಮಾತ್ರಕ್ಕೂ ಬೇಟೆಯಲ್ಲ, ಕೊಡಗಿನಲ್ಲಂತೂ ಅಲ್ಲವೇ ಅಲ್ಲ. ಅಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ನಡೆಯುತ್ತದೆ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆಗಳಿರುತ್ತವೆ. ಬೇರೆ ಜಿಲ್ಲೆಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳಿವೆ. ಈ ವಿನಾಯಿತಿ, ಪರವಾನಗಿಗಳು ಕೋವಿ ಇಟ್ಟುಕೊಳ್ಳಲು ಮಾತ್ರ. ಅದರಿಂದ ಕಾಡುಪ್ರಾಣಿಯನ್ನು ಹೊಡೆಯುವ ಅನುಮತಿ ಸಿಕ್ಕಂತಾಗುವುದಿಲ್ಲ. ಈ ಎರಡನ್ನು ಬೆರೆಸಿ ದೂರು ಬರೆದರೆ ಮೊದಲ ಓದಿಗೇ ಅದರ ಬಲ ಹೋಗುತ್ತದೆ.

ಹಾಗಾದರೆ ಯಾವುದು ಅನುಮಾನಕ್ಕೆ ಯೋಗ್ಯ? ವಾಹನ ನಡಿಗೆಯ ವೇಗದಲ್ಲಿ ಹೋಗುವುದು, ಬೆಳಕು ರಸ್ತೆಯ ಮೇಲೆ ಬೀಳದೆ ಬದಿಯ ಪೊದೆಗಳ ಮೇಲೆ ಅತ್ತಿಂದಿತ್ತ ಹರಿದಾಡುವುದು. ಪ್ರಾಣಿಯ ಕಣ್ಣು ಹೊಳೆಯುವುದನ್ನು ಹುಡುಕುವ ಬೆಳಕು ಹೀಗೆಯೇ ಚಲಿಸುತ್ತದೆ; ಕಣ್ಣು ಸಿಕ್ಕ ಕೂಡಲೇ ಅಲ್ಲಾಡದೆ ನಿಲ್ಲುತ್ತದೆ. ಒಂದೇ ಈಡು, ಅದರ ಬೆನ್ನಲ್ಲೇ ಕತ್ತಲೆ, ಆಮೇಲೆ ಕಾಡಿನೊಳಗೆ ಸಣ್ಣ ಬೆಳಕುಗಳ ಓಡಾಟ. ಸಂಖ್ಯಾಫಲಕಕ್ಕೆ ಮೆತ್ತಿದ ಕೆಸರು ಅಥವಾ ಕಟ್ಟಿದ ಬಟ್ಟೆ. ಅರ್ಧ ಕಿಲೋಮೀಟರ್ ಮುಂದೆ ಹೋಗಿ ಹೋಗಿ ನಿಲ್ಲುವ ಒಂಟಿ ಬೈಕು. ಇವುಗಳಲ್ಲಿ ಒಂದು ಕಂಡರೆ ಎಚ್ಚರದಿಂದಿರಿ, ಎರಡು ಕಂಡರೆ ಫೋನ್ ಮಾಡಿ. ಜಾಗವೂ ಮಾತಾಡುತ್ತದೆ: ಬಂಡೀಪುರದ ಮೂಲಕ ಹಾಯುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿರ್ಬಂಧವಿದೆ. ಆ ಹೊತ್ತಿನಲ್ಲಿ ಅಲ್ಲಿ ನಿಂತಿರುವ ಖಾಸಗಿ ವಾಹನವೇ ತಿಳಿಸಬೇಕಾದ ಸಂಗತಿ.

'ಹೊಡೆದರು, ಆದರೆ ಪ್ರಾಣಿ ಬೀಳಲಿಲ್ಲ, ಇನ್ನೇನು ದೂರು' ಎಂದು ಸುಮ್ಮನಾಗುವವರಿದ್ದಾರೆ. ಸುಮ್ಮನಾಗಬೇಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಕೊಲ್ಲುವ ಪ್ರಯತ್ನವೂ ಬೇಟೆಯೇ. ಉರುಳು ಹಾಕುವುದು, ಹಳು ಸೋವಿ ಪ್ರಾಣಿಯನ್ನು ಅಟ್ಟುವುದು, ಆಮಿಷ ಒಡ್ಡುವುದು, ವಿಷ ಇಡುವುದು ಎಲ್ಲವೂ ಆ ಪದದೊಳಗೆ ಬರುತ್ತವೆ. ಜಾಗ ಖಾಸಗಿ ತೋಟವೇ ಆಗಿದ್ದರೂ ಕಾನೂನು ಬದಲಾಗುವುದಿಲ್ಲ. ಹಂದಿ, ಮೊಲ, ಕಾಡುಕೋಳಿಗಳಿಗೆ ಕಾಯ್ದೆ ಅನ್ವಯಿಸುವುದಿಲ್ಲ ಎಂಬ ನಂಬಿಕೆ ಹಳ್ಳಿಗಳಲ್ಲಿ ಗಟ್ಟಿಯಾಗಿದೆ. ಅದು ತಪ್ಪು, ಅವೂ ಕಾಯ್ದೆಯ ಅನುಸೂಚಿಗಳಲ್ಲಿ, ಅಂದರೆ ರಕ್ಷಿತ ಪ್ರಾಣಿಗಳ ಪಟ್ಟಿಗಳಲ್ಲಿ ಇವೆ. 'ಹಂದಿ ಹೊಡೆಯಲು ಪರ್ಮಿಟ್ ಇದೆ' ಎಂದು ಯಾರಾದರೂ ಹೇಳಿದರೆ ಅಂಥ ಅನುಮತಿ ಕಾರಣ ಸಹಿತ ಲಿಖಿತ ಆದೇಶವಾಗಿರಬೇಕು ಎಂಬುದು ನಿಮಗೆ ಗೊತ್ತಿದ್ದರೆ ಸಾಕು. ರಸ್ತೆಯ ಮೇಲೆ ನಿಂತು ಅದನ್ನು ಕೇಳುವುದು ನಿಮ್ಮ ಕೆಲಸವಲ್ಲ.

## ಹಂತ 3: ದೂರ ಸರಿಯುವುದು

ಮನಸ್ಸು ಒಪ್ಪದ ಹಂತ ಇದು, ಆದರೆ ಬಿಡುವಂತಿಲ್ಲ. ಎದುರಿಗಿರುವವರ ಕೈಯಲ್ಲಿ ಗುಂಡು ತುಂಬಿದ ಕೋವಿ ಇದೆ. ಕುಡಿದಿರಲೂಬಹುದು. ತಾವು ಸಿಕ್ಕಿಬೀಳುವೆವೆಂಬ ಭಯ ಅವರಿಗೂ ಇದೆ.

ನೀವು ವಾಹನದಲ್ಲಿದ್ದರೆ ನಿಲ್ಲಿಸಬೇಡಿ, ವೇಗ ತಗ್ಗಿಸಬೇಡಿ, ಹೆಡ್‌ಲೈಟ್ ಮಿಣುಕಿಸಬೇಡಿ, ಹಾರ್ನ್ ಹಾಕಬೇಡಿ. ದಾರಿಹೋಕರಂತೆ ದಾಟಿ ಹೋಗಿ. ಒಂದೆರಡು ತಿರುವು ಕಳೆದು, ಮನೆಯೋ ಅಂಗಡಿಯೋ ಇರುವಲ್ಲಿ ನಿಲ್ಲಿಸಿ. ಬೆಳಕು ಬೀಳುತ್ತಿರುವ ಬದಿಗೆ ಯಾವ ಕಾರಣಕ್ಕೂ ಇಳಿಯಬಾರದು. ಕತ್ತಲಲ್ಲಿ ಅಲುಗಿದ್ದೆಲ್ಲ ಪ್ರಾಣಿಯೆಂದು ಹೊಡೆದು ಮನುಷ್ಯರೇ ಸತ್ತ ಸುದ್ದಿಗಳನ್ನು ನಾವು ಓದುತ್ತಲೇ ಇದ್ದೇವೆ. ಮನೆಯಲ್ಲಿದ್ದರೆ ಅಂಗಳದ ದೀಪ ಹಾಕದೆ ಒಳಗಿನಿಂದಲೇ ನೋಡಿ.

ಅವರೇ ನಿಮ್ಮನ್ನು ತಡೆದರೆ ವಾದಕ್ಕೆ ಇಳಿಯಬೇಡಿ. ಮನೆಗೆ ಹೋಗುತ್ತಿದ್ದೇನೆ ಎಂದು ಹೇಳಿ ಹೊರಡಿ. ಹಿಂಬಾಲಿಸುವುದು, ಅಡ್ಡಗಟ್ಟುವುದು, ಊರಿನ ಹುಡುಗರನ್ನು ಸೇರಿಸಿ ಕಾಯುವುದು, ಈ ಮೂರೂ ಬೇಡ. ಗುಂಪು ಸೇರಿದ ಕಡೆ ಹೊಡೆದಾಟವಾಗುತ್ತದೆ, ಆಮೇಲೆ ಬೇಟೆಯ ಪ್ರಕರಣಕ್ಕಿಂತ ಹೊಡೆದಾಟದ ಪ್ರಕರಣವೇ ದೊಡ್ಡದಾಗುತ್ತದೆ.

## ಹಂತ 4: ಮೊದಲ ಹತ್ತು ನಿಮಿಷದ ಕರೆ

ಸುರಕ್ಷಿತ ಜಾಗ ತಲುಪಿದ ಕೂಡಲೇ ಮೊದಲ ಕೆಲಸ ಫೋನ್. ವಿಡಿಯೊ, ಗುಂಪು, ಪರಿಚಿತರ ಸಲಹೆ ಎಲ್ಲ ನಂತರ. ಹತ್ತು ನಿಮಿಷದಲ್ಲಿ ಮಾಹಿತಿ ಸಿಕ್ಕಿದರೆ ಮುಂದಿನ ಅರಣ್ಯ ತನಿಖಾ ಠಾಣೆಯಲ್ಲಿ ವಾಹನವನ್ನು ತಡೆಯಲು ಸಾಧ್ಯ. ಒಂದು ಗಂಟೆ ಕಳೆದರೆ ಆ ಸಾಧ್ಯತೆ ಹೋಗುತ್ತದೆ.

ಮೊದಲು ವಲಯದವರಿಗೆ ಕರೆ ಮಾಡಿ. ಎರಡು ಸಲ ರಿಂಗಾಗಿಯೂ ಎತ್ತದಿದ್ದರೆ ಕಾಯಬೇಡಿ, 1926ಕ್ಕೆ ಮಾಡಿ. ಗುಂಡಿನ ಸದ್ದು ಕೇಳಿದ್ದರೆ ಅಥವಾ ಕೋವಿ ಕಂಡಿದ್ದರೆ 112ಕ್ಕೂ ತಿಳಿಸಿ. ಸ್ಥಳೀಯ ಸಿಬ್ಬಂದಿಯಿಂದಲೇ ಸುದ್ದಿ ಸೋರುತ್ತದೆ ಎಂಬ ಅನುಮಾನ ನಿಮಗಿದ್ದರೆ ಒಂದು ಮೆಟ್ಟಿಲು ಮೇಲೆ, ಸಹಾಯಕ ಅಥವಾ ಉಪ ಅರಣ್ಯ ಸಂರಕ್ಷಣಾಧಿಕಾರಿಗೆ ನೇರವಾಗಿ ಹೇಳಿ.

ಗಾಬರಿಯಲ್ಲಿ ಮಾತು ಚದುರುತ್ತದೆ. 'ಸಾರ್, ಇಲ್ಲಿ ಶಿಕಾರಿ ನಡೆಯುತ್ತಿದೆ, ಬೇಗ ಬನ್ನಿ' ಎಂದಷ್ಟೇ ಕೂಗಿದರೆ ಆ ಕಡೆಯವರು ಏನೂ ಮಾಡಲಾರರು. ಮಾತಿನ ಅನುಕ್ರಮ ಹೀಗಿರಲಿ:

"ನಾನು ಇಂಥ ಊರಿನಿಂದ ಇಂಥ ಊರಿಗೆ ಹೋಗುವ ರಸ್ತೆಯಲ್ಲಿ, 14ನೇ ಕಿಲೋಮೀಟರ್ ಕಲ್ಲಿನ ನಂತರದ ಮೋರಿಯ ಹತ್ತಿರ ಕಂಡದ್ದನ್ನು ಹೇಳುತ್ತಿದ್ದೇನೆ. 11:40ಕ್ಕೆ ಒಂದು ಗುಂಡಿನ ಸದ್ದು ಕೇಳಿಸಿತು. ಅದಕ್ಕೆ ಮುಂಚೆ ಬಿಳಿ ಪಿಕಪ್‌ನಿಂದ ರಸ್ತೆಯ ಬಲಬದಿಗೆ ಬ್ಯಾಟರಿ ಬಿಡುತ್ತಿದ್ದರು. ಮೂವರು ಕಂಡರು, ಒಬ್ಬರ ಕೈಯಲ್ಲಿ ಉದ್ದನೆಯ ಕೋವಿ ಇತ್ತು. ವಾಹನ ಈಗ ಪೂರ್ವಕ್ಕೆ, ಪೇಟೆಯ ಕಡೆಗೆ ಹೊರಟಿದೆ. ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಇವು. ನಾನು ಹಿಂಬಾಲಿಸುತ್ತಿಲ್ಲ."

ಮೊದಲು ಜಾಗ. ಮಾತು ನಡುವೆ ಕಡಿದುಹೋದರೂ ಜಾಗ ತಲುಪಿರುತ್ತದೆ. ಆಮೇಲೆ ಹೊತ್ತು, ವಾಹನ, ಹೋದ ದಿಕ್ಕು. ಕೊನೆಯಲ್ಲಿ ಕರೆ ಸ್ವೀಕರಿಸಿದವರ ಹೆಸರು, ಹುದ್ದೆ ಕೇಳಿ ಬರೆದುಕೊಳ್ಳಿ. ಕರೆ ಮಾಡಿದ ಹೊತ್ತು ಮೊಬೈಲಿನಲ್ಲಿ ತಾನಾಗಿ ಉಳಿಯುತ್ತದೆ. ಆ ದಾಖಲೆಯನ್ನು ಅಳಿಸಬೇಡಿ.

ವಾಹನದ ಸಂಖ್ಯೆಯ ಬಗ್ಗೆ ಒಂದು ಮಾತು. ಎಲ್ಲ ಅಕ್ಷರ, ಅಂಕಿಗಳನ್ನು ಒಟ್ಟಿಗೆ ನೆನಪಿಡಲು ಹೋಗಿ ಎಲ್ಲವನ್ನೂ ಕಳೆದುಕೊಳ್ಳುವವರೇ ಹೆಚ್ಚು. ಮೊದಲು ಕೊನೆಯ ನಾಲ್ಕು ಅಂಕಿ ಹಿಡಿಯಿರಿ, ಆಮೇಲೆ ನಡುವಿನ ಅಕ್ಷರ. ಆರಂಭದ ಭಾಗವನ್ನು ಊಹಿಸಬಹುದು: ಚಿಕ್ಕಮಗಳೂರಿನ ಕಡೆ ಕೆಎ 18, ಕೊಡಗಿನಲ್ಲಿ ಕೆಎ 12, ಶಿವಮೊಗ್ಗದಲ್ಲಿ ಕೆಎ 14 ಹೆಚ್ಚಾಗಿ ಕಾಣುತ್ತವೆ. ಆದರೆ ಊಹಿಸಿದ ಭಾಗವನ್ನು ಊಹೆ ಎಂದೇ ಹೇಳಬೇಕು. ಸಂಖ್ಯೆ ಕಾಣಲಿಲ್ಲವೆಂದು ಕರೆ ಮಾಡದೆ ಇರಬೇಡಿ. ಒಡೆದ ಹಿಂದೀಪ, ಮೇಲಿನ ಕ್ಯಾರಿಯರ್, ಗಾಜಿನ ಮೇಲೆ ಬರೆಸಿದ ಹೆಸರು, ಎಂಜಿನ್ನಿನ ಬೇರೆಯೇ ಸದ್ದು, ಇವೂ ಗುರುತುಗಳೇ.

## ಹಂತ 5: ಮಲಗುವ ಮುಂಚೆ ಬರೆಯುವುದು

ಬೆಳಗಾಗುವಷ್ಟರಲ್ಲಿ ನೆನಪು ಬದಲಾಗಿರುತ್ತದೆ. ನಾಲ್ಕು ಜನರೊಡನೆ ಮಾತಾಡಿದ ಮೇಲಂತೂ ಅವರು ಹೇಳಿದ್ದೂ ನೀವು ಕಂಡದ್ದೂ ಕಲಸಿಹೋಗುತ್ತವೆ. ಆದ್ದರಿಂದ ಅದೇ ರಾತ್ರಿ, ಯಾರೊಡನೆಯೂ ಚರ್ಚಿಸುವ ಮುಂಚೆ, ನೋಟ್‌ಬುಕ್ಕಿನಲ್ಲಿ ಕೈಯಿಂದ ಬರೆಯಿರಿ. ದಿನಾಂಕ, ಬರೆಯುತ್ತಿರುವ ಹೊತ್ತು, ಸಹಿ.

ಬರೆಯುವಾಗ ಕಂಡದ್ದು, ಕೇಳಿದ್ದು, ಊಹಿಸಿದ್ದು ಮೂರನ್ನೂ ಬೇರೆ ಬೇರೆ ಇಡಿ. 'ಕಡವೆ ಹೊಡೆದರು' ಎನ್ನುವ ವಾಕ್ಯವನ್ನೇ ನೋಡಿ. ನೀವು ಕಡವೆಯನ್ನು ಕಂಡಿರಾ? ಹೊಡೆದದ್ದನ್ನು ಕಂಡಿರಾ? ಇಲ್ಲವಾದರೆ ಸರಿಯಾದ ವಾಕ್ಯ ಹೀಗಿದೆ: 'ಒಂದು ಗುಂಡಿನ ಸದ್ದು ಕೇಳಿತು. ಸುಮಾರು ಐದು ನಿಮಿಷದ ನಂತರ ಇಬ್ಬರು ಭಾರವಾದ ಚೀಲವೊಂದನ್ನು ಎತ್ತಿ ಪಿಕಪ್‌ನ ಹಿಂಬದಿಗೆ ಹಾಕಿದರು. ಚೀಲದೊಳಗೆ ಏನಿತ್ತೆಂದು ನಾನು ನೋಡಲಿಲ್ಲ.' ಓದಲು ಇದು ಸಪ್ಪೆ. ಆದರೆ ಅಡ್ಡವಿಚಾರಣೆಯಲ್ಲಿ ಮುರಿಯದೆ ನಿಲ್ಲುವುದು ಈ ವಾಕ್ಯ. ಮೊದಲಿನದರಲ್ಲಿ ವಕೀಲರು ಒಂದು ಪ್ರಶ್ನೆ ಕೇಳಿದರೆ ನಿಮ್ಮ ಇಡೀ ಹೇಳಿಕೆ ಅನುಮಾನಕ್ಕೆ ಬೀಳುತ್ತದೆ.

'ಯಾರಿರಬಹುದು' ಎಂಬುದನ್ನು ಬರೆಯುವ ಆಸೆ ತಡೆಯಿರಿ. ಕಾಡಿನಲ್ಲಿ ಏನೇ ನಡೆದರೂ ಹತ್ತಿರದ ಹಾಡಿಯ ಆದಿವಾಸಿಗಳ ಮೇಲೆ, ತೋಟದ ಕೂಲಿ ಲೈನಿನವರ ಮೇಲೆ ಬೆರಳು ತೋರಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಈ ರೂಢಿ ನನಗೆ ಬಹಳ ನೋವು ಕೊಡುತ್ತದೆ. ಜೀಪು, ತೋಟಾ, ದೊಡ್ಡ ಬ್ಯಾಟರಿಗಳ ಖರ್ಚು ಯಾರ ಕೈಗೆ ಎಟಕುವಂಥದ್ದು ಎಂದು ಒಮ್ಮೆ ಯೋಚಿಸಿ. ಮುಖ ಕಂಡು ಗುರುತು ಹಿಡಿದಿದ್ದರೆ ಬರೆಯಿರಿ. ಕಾಣದಿದ್ದರೆ ಊರಿನ ಮಾತನ್ನು ನಿಮ್ಮ ಸಹಿಯ ಮೇಲೆ ಏರಿಸಬೇಡಿ.

## ಹಂತ 6: ಚಿತ್ರ, ವಿಡಿಯೊ, ಧ್ವನಿ

ಸುರಕ್ಷಿತ ದೂರದಿಂದ ಸಾಧ್ಯವಾದರೆ ಮಾತ್ರ ತೆಗೆಯಿರಿ. ಫ್ಲ್ಯಾಶ್ ಆರಿಸಿ, ಮೊಬೈಲನ್ನು ಮೌನಕ್ಕೆ ಹಾಕಿ, ತೆರೆಯ ಬೆಳಕು ತಗ್ಗಿಸಿ. ಕತ್ತಲಲ್ಲಿ ಝೂಮ್ ಮಾಡಿದರೆ ಏನೂ ಉಳಿಯುವುದಿಲ್ಲ. ಚಿತ್ರ ಕಪ್ಪಾಗಿ ಬಂದರೂ ವಿಡಿಯೊ ಓಡಲಿ, ಗುಂಡಿನ ಸದ್ದು ಮತ್ತು ಹೊತ್ತು ಅದರಲ್ಲಿ ದಾಖಲಾಗುತ್ತವೆ. ಕಾರಿನಲ್ಲಿ ಡ್ಯಾಶ್‌ಕ್ಯಾಮ್ ಇದ್ದರೆ ಮನೆ ಸೇರಿದ ಕೂಡಲೇ ಅದರ ಮೆಮೊರಿ ಕಾರ್ಡನ್ನು ಹೊರಗೆ ತೆಗೆದಿಡಿ. ಇಲ್ಲವಾದರೆ ಮರುದಿನದ ಓಡಾಟ ಹಿಂದಿನ ರಾತ್ರಿಯನ್ನು ಅಳಿಸುತ್ತದೆ.

ಅತಿ ಹೆಚ್ಚು ಜನ ಎಡವುವುದು ಇಲ್ಲಿಂದ ಮುಂದೆ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿನಂತೆ ಕಳಿಸಿದ ವಿಡಿಯೊ ಕುಗ್ಗುತ್ತದೆ, ಅದರೊಳಗಿನ ಸಮಯ, ಸ್ಥಳದ ವಿವರಗಳು ಕಳೆದುಹೋಗುತ್ತವೆ. ಅಧಿಕಾರಿಗೆ ತುರ್ತಾಗಿ ಕಳಿಸಲೇಬೇಕಾದರೆ 'ಡಾಕ್ಯುಮೆಂಟ್' ಆಯ್ಕೆಯಲ್ಲಿ ಕಳಿಸಿ, ಮೂಲ ಕಡತವನ್ನು ಮೊಬೈಲಿನಲ್ಲಿ ಹಾಗೆಯೇ ಬಿಡಿ. ಕತ್ತರಿಸುವುದು, ಬೆಳಕು ಹೆಚ್ಚಿಸುವುದು, ಬಾಣದ ಗುರುತು ಹಾಕುವುದು, ಹೆಸರು ಬದಲಿಸುವುದು ಯಾವುದೂ ಬೇಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ವಿದ್ಯುನ್ಮಾನ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು. ಆ ಕಡತ ಯಾವ ಉಪಕರಣದಿಂದ ಬಂತು ಎಂಬುದಕ್ಕೆ ನೀವೇ ಉತ್ತರ ಕೊಡಬೇಕಾಗುತ್ತದೆ. ಆದ್ದರಿಂದ ಪ್ರಕರಣ ಮುಗಿಯುವವರೆಗೆ ಆ ಮೊಬೈಲನ್ನು ಮಾರಬೇಡಿ, ಅಳಿಸಿ ಹೊಸದಾಗಿ ಮಾಡಬೇಡಿ.

ಗುಂಪುಗಳಿಗೆ ಹಾಕಬೇಡಿ. ಒಂದು ತಾಲ್ಲೂಕಿನ ಗುಂಪಿನಲ್ಲಿ ಇನ್ನೂರು ಜನರಿದ್ದರೆ ಬೇಟೆಗೆ ಹೋದವನ ಭಾವನೋ ಗೆಳೆಯನೋ ಅದರಲ್ಲಿ ಇದ್ದೇ ಇರುತ್ತಾನೆ. ವಾಹನದ ಮಾಲೀಕರ ಹೆಸರನ್ನು ಆ್ಯಪ್‌ನಲ್ಲಿ ಹುಡುಕಿ ಪ್ರಕಟಿಸುವುದು ಇನ್ನೂ ಕೆಟ್ಟದ್ದು. ಆ ವಾಹನ ಹಿಂದಿನ ತಿಂಗಳೇ ಕೈಬದಲಾಗಿರಬಹುದು.

## ಹಂತ 7: ಬೆಳಗ್ಗೆ ಸ್ಥಳ ಕಾಯುವುದು

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಕೆಳಗಿನ ತಿರುವಿನಲ್ಲಿ ಇಂಥದೇ ರಾತ್ರಿ ಕಳೆದಿತ್ತು. ಬೆಳಗ್ಗೆ ನಾವು ಆರೇಳು ಜನ ಹೋಗಿ ನೋಡಿದೆವು. ರಕ್ತವಿತ್ತು, ಕೂದಲಿತ್ತು, ಒದ್ದೆ ಮಣ್ಣಿನಲ್ಲಿ ಚಕ್ರದ ಅಚ್ಚು ಸ್ಪಷ್ಟವಾಗಿತ್ತು. ಅರಣ್ಯ ಸಿಬ್ಬಂದಿ ಬರುವ ಹೊತ್ತಿಗೆ ಆ ಅಚ್ಚಿನ ಮೇಲೆ ನಮ್ಮ ಚಪ್ಪಲಿಗಳ ಗುರುತುಗಳಷ್ಟೇ ಉಳಿದಿದ್ದವು. ಇಂದಿಗೂ ಆ ತಿರುವು ದಾಟುವಾಗ ನನಗೆ ಅದು ನೆನಪಾಗುತ್ತದೆ.

ಸಿಬ್ಬಂದಿ ಬರುವ ಮುಂಚೆ ಸ್ಥಳಕ್ಕೆ ಹೋಗದೆ ಇರುವುದೇ ಉತ್ತಮ. ದನ, ನಾಯಿ, ಜನ ತುಳಿಯುವ ಅಪಾಯವಿದ್ದರೆ ಒಬ್ಬರೇ ಹೋಗಿ ದೂರದಲ್ಲಿ ನಿಲ್ಲಿ. ರಸ್ತೆಯ ಟಾರಿನ ಮೇಲೆಯೇ ಇರಿ, ಮಣ್ಣಿಗೆ ಇಳಿಯಬೇಡಿ. ಮಳೆ ಬರುವಂತಿದ್ದರೆ ಅಚ್ಚಿಗೂ ಕಲೆಗೂ ತಾಗದಂತೆ ಬಕೆಟ್ ಅಥವಾ ಬುಟ್ಟಿ ಕವುಚಿಡಿ. ಚಿತ್ರ ತೆಗೆಯುವುದಾದರೆ ಮೂರು ಅಳತೆಯಲ್ಲಿ: ಕಿಲೋಮೀಟರ್ ಕಲ್ಲು ಅಥವಾ ಮೋರಿ ಕಾಣುವಂತೆ ದೂರದಿಂದ ಒಂದು, ನಡುವಿನಿಂದ ಒಂದು, ಬೆಂಕಿಪೊಟ್ಟಣ ಪಕ್ಕಕ್ಕಿಟ್ಟು ಹತ್ತಿರದಿಂದ ಒಂದು.

ಖಾಲಿ ತೋಟಾ, ಚರೆ, ಕೂದಲು, ಕರುಳು ಏನನ್ನೂ ಎತ್ತಬೇಡಿ. ಎತ್ತಿ ಕವರಿನಲ್ಲಿ ಹಾಕಿ ಕಚೇರಿಗೆ ಒಯ್ದರೆ ಸಹಾಯವಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಆದರೆ ಸ್ಥಳದಲ್ಲೇ ಪಂಚರ (ಸಾಕ್ಷಿಗಳಾಗಿ ಕರೆಸಿದವರ) ಮುಂದೆ ಮಹಜರು (ಕಂಡದ್ದರ, ಸಿಕ್ಕಿದ್ದರ ಲಿಖಿತ ದಾಖಲೆ) ಮಾಡಿ ವಶಪಡಿಸಿಕೊಳ್ಳದ ವಸ್ತು ಎಲ್ಲಿಂದ ಬಂತೆಂದು ಸಾಬೀತು ಮಾಡುವುದು ಕಷ್ಟ. ವನ್ಯಪ್ರಾಣಿಯ ಭಾಗ ಕೈಯಲ್ಲಿದ್ದರೆ ನೀವೇ ಉತ್ತರ ಹೇಳಬೇಕಾದೀತು. ತುಂಡು ಮಾಂಸವೋ ಒಣಗಿದ ರಕ್ತವೋ ಸಿಕ್ಕಿದರೂ ಡಿಎನ್ಎ ಪರೀಕ್ಷೆಯಿಂದ ಪ್ರಾಣಿ ಯಾವುದೆಂದು ಹೇಳಬಲ್ಲ ಪ್ರಯೋಗಾಲಯಗಳು ಹೈದರಾಬಾದ್, ಡೆಹ್ರಾಡೂನ್‌ಗಳಲ್ಲಿವೆ. ಮಾದರಿ ಅಲ್ಲಿಗೆ ಅಧಿಕಾರಿಯ ಮೊಹರಿನೊಂದಿಗೆ ಹೋಗಬೇಕು.

ಸುತ್ತ ಉರುಳು ಕಂಡರೆ, ಅದು ಹೆಚ್ಚಾಗಿ ಬೈಕಿನ ಕ್ಲಚ್ ತಂತಿಯದ್ದಾಗಿರುತ್ತದೆ, ಬಿಚ್ಚಬೇಡಿ. ಜೀವಂತ ಪ್ರಾಣಿ ಸಿಕ್ಕಿಬಿದ್ದಿದ್ದರೆ ಹತ್ತಿರ ಹೋಗಬೇಡಿ. ಹಿಟ್ಟಿನ ಉಂಡೆಯಂತೆ, ಹಣ್ಣಿನಂತೆ ಕಾಣುವ ಸುತ್ತಿದ ವಸ್ತು ಬಿದ್ದಿದ್ದರೆ ಅದು ಹಂದಿಗೆ ಇಟ್ಟ ಸಿಡಿಮದ್ದು ಆಗಿರಬಹುದು. ಕಾಲಿನಿಂದಲೂ ತಳ್ಳಬೇಡಿ, ಮಕ್ಕಳನ್ನೂ ನಾಯಿಗಳನ್ನೂ ದೂರ ಇಡಿ.

ಹತ್ತಿರದ ಹೋಂಸ್ಟೇ, ಪೆಟ್ರೋಲ್ ಬಂಕ್, ತೋಟದ ಗೇಟುಗಳಲ್ಲಿ ಸಿಸಿಟಿವಿ ಎಲ್ಲೆಲ್ಲಿದೆ ಎಂದು ಪಟ್ಟಿ ಮಾಡಿ ಸಿಬ್ಬಂದಿಗೆ ಕೊಡಿ. ಅವುಗಳಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ಬಂದು ಕೂರುತ್ತದೆ. ಮಾಲೀಕರು ಪರಿಚಿತರಾಗಿದ್ದರೆ ಆ ರಾತ್ರಿಯದನ್ನು ಉಳಿಸಿಡಲು ಹೇಳಿದರೆ ಸಾಕು.

## ಹಂತ 8: ಲಿಖಿತ ದೂರು

ಫೋನ್ ಮಾಡಿದ ಮಾತ್ರಕ್ಕೆ ದೂರಾಗುವುದಿಲ್ಲ. ಮರುದಿನವೇ ವಲಯ ಅರಣ್ಯಾಧಿಕಾರಿಯ ಹೆಸರಿಗೆ ಬರೆದು ಎರಡು ಪ್ರತಿ ಮಾಡಿ, ಒಂದನ್ನು ಕೊಟ್ಟು ಇನ್ನೊಂದರ ಮೇಲೆ ದಿನಾಂಕ, ಮೊಹರು ಹಾಕಿಸಿಕೊಂಡು ಬನ್ನಿ. ಸ್ವೀಕೃತಿ ಕೊಡಲು ಹಿಂದೇಟು ಹಾಕಿದರೆ ಜಗಳವಾಡದೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಉಪ ಅರಣ್ಯ ಸಂರಕ್ಷಣಾಧಿಕಾರಿಗೂ ಒಂದು ಪ್ರತಿ ಹಾಕಿ.

ಪೊಲೀಸ್ ಠಾಣೆಯಲ್ಲಿ ಮಾತ್ರ ದೂರು ಕೊಟ್ಟು ಸುಮ್ಮನಾಗುವುದು ಇನ್ನೊಂದು ಸಾಮಾನ್ಯ ತಪ್ಪು. ಕೋವಿಯ ವಿಚಾರ ಪೊಲೀಸರದ್ದು. ಆದರೆ ವನ್ಯಜೀವಿ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಳ್ಳಲು ಅಧಿಕಾರ ಪಡೆದ ಅರಣ್ಯ ಅಧಿಕಾರಿಯ ದೂರು ಬೇಕು. ಎರಡೂ ಕಡೆ ಕೊಡಿ.

ದೂರು ಒಂದು ಪುಟ ಮೀರಬಾರದು. ರಾತ್ರಿ ಬರೆದ ಟಿಪ್ಪಣಿಯನ್ನೇ ಅನುಕ್ರಮವಾಗಿ ಇಳಿಸಿ. ಕಾಡು ಹಾಳಾಗುತ್ತಿದೆ, ಇಲಾಖೆ ನಿದ್ರಿಸುತ್ತಿದೆ ಎಂಬ ವಾಕ್ಯಗಳಿಗೆ ಅಲ್ಲಿ ಜಾಗವಿಲ್ಲ. ಸ್ಥಳದ ವಿವರವಂತೂ ಆದಷ್ಟು ನಿಖರವಾಗಿರಬೇಕು. 2022ರ ತಿದ್ದುಪಡಿಯ ನಂತರ ಸಾಮಾನ್ಯ ಅಪರಾಧಕ್ಕೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಅದೇ ಬೇಟೆ ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನದ ಗಡಿಯೊಳಗೆ ನಡೆದಿದ್ದರೆ, ಇಲ್ಲವೇ ಪ್ರಾಣಿ ಮೊದಲ ಅನುಸೂಚಿಯದಾಗಿದ್ದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಗಡಿ ರಸ್ತೆಯ ಪಕ್ಕದಲ್ಲೇ ಹಾದಿರುವಲ್ಲಿ ನೀವು ಇನ್ನೂರು ಮೀಟರ್ ತಪ್ಪು ಬರೆದರೆ ಪ್ರಕರಣದ ಸ್ವರೂಪವೇ ಬದಲಾಗುತ್ತದೆ.

ಹೆಸರು ಹೇಳಲು ಭಯವಿದ್ದರೆ ಅನಾಮಧೇಯವಾಗಿಯೂ ಸುಳಿವು ಕೊಡಬಹುದು. ಗಸ್ತು ಹೆಚ್ಚಿಸಲು, ತಪಾಸಣೆ ನಡೆಸಲು ಅದು ಸಾಕು. ನ್ಯಾಯಾಲಯದಲ್ಲಿ ಸಾಕ್ಷಿಯಾಗಿ ಅದು ನಿಲ್ಲುವುದಿಲ್ಲ. ಹೆಸರು ಕೊಟ್ಟರೆ ಗುರುತನ್ನು ಗೋಪ್ಯವಾಗಿಡಲು ದೂರಿನಲ್ಲಿಯೇ ಕೋರಿ. ಮಾಹಿತಿ ಹಕ್ಕು ಕಾಯ್ದೆಯ 8(1)(ಜಿ) ಇಂಥ ಸುಳಿವುದಾರರ ಗುರುತನ್ನು ಕೊಡದಿರಲು ಅವಕಾಶ ಕೊಡುತ್ತದೆ.

## ಹಂತ 9: ಮಹಜರು, ವಿಚಾರಣೆ, ಬೆನ್ನುಹತ್ತುವಿಕೆ

ನಿಮ್ಮನ್ನು ಪಂಚರಾಗಿ ಕರೆದರೆ ಸಾಧ್ಯವಾದಷ್ಟು ಹೋಗಿ. ಸಹಿ ಹಾಕುವ ಮುಂಚೆ ಪೂರ್ತಿ ಓದಿ: ಹೊತ್ತು ಸರಿಯಿದೆಯೇ, ಸಿಕ್ಕಿದ ವಸ್ತುಗಳ ಎಣಿಕೆ ಸರಿಯಿದೆಯೇ, ಜಾಗ ಅದೇ ಆಗಿದೆಯೇ. ಕಚೇರಿಯಲ್ಲಿ ಕುಳಿತು ಬರೆದ ಮಹಜರಿಗೆ, ಖಾಲಿ ಹಾಳೆಗೆ ಸಹಿ ಹಾಕಬೇಡಿ. ಎಷ್ಟೇ ಪರಿಚಿತರು ಕೇಳಿದರೂ ಬೇಡ. ಮುಂದೆ 'ನಾನು ಸ್ಥಳಕ್ಕೆ ಹೋಗಿಯೇ ಇರಲಿಲ್ಲ' ಎಂದು ಪಂಚರು ಒಪ್ಪಿಕೊಂಡರೆ ಮಹಜರಿಗೆ ಬೆಲೆಯೇ ಉಳಿಯುವುದಿಲ್ಲ.

ಒಂದು ವಾರ ಕಳೆದ ಮೇಲೆ ಪ್ರಕರಣ ದಾಖಲಾಯಿತೇ, ಅದರ ಸಂಖ್ಯೆ ಏನು ಎಂದು ಕೇಳಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಬರಬೇಕು. ತನಿಖೆಗೆ ಅಡ್ಡಿಯಾಗುವ ವಿವರವನ್ನು ಅವರು ಕೊಡುವುದಿಲ್ಲ, ಆದ್ದರಿಂದ 'ದೂರಿನ ಮೇಲೆ ಕೈಗೊಂಡ ಕ್ರಮ, ಪ್ರಕರಣದ ಸಂಖ್ಯೆ, ದಿನಾಂಕ' ಇಷ್ಟನ್ನೇ ಕೇಳಿ. ಏನೂ ಆಗದಿದ್ದರೆ ಅದೇ 55ನೇ ಸೆಕ್ಷನ್ ಸಾಮಾನ್ಯ ನಾಗರಿಕರಿಗೂ ಒಂದು ದಾರಿ ಇಟ್ಟಿದೆ: ನಿಗದಿತ ರೀತಿಯಲ್ಲಿ 60 ದಿನಗಳ ನೋಟಿಸ್ ಕೊಟ್ಟು ನೀವೇ ನ್ಯಾಯಾಲಯಕ್ಕೆ ದೂರು ಸಲ್ಲಿಸಬಹುದು. ಈ ಹಂತಕ್ಕೆ ವಕೀಲರ ನೆರವು ಬೇಕು.

ಸಾಕ್ಷಿ ಹೇಳಲು ಸಮನ್ಸ್ ಬರುವ ಹೊತ್ತಿಗೆ ವರ್ಷಗಳು ಕಳೆದಿರಬಹುದು. ಆಗ ಆ ರಾತ್ರಿ ಬರೆದ ನೋಟ್‌ಬುಕ್ಕನ್ನು ಹುಡುಕಿ ಜೊತೆಗೆ ಒಯ್ಯಿರಿ. ಘಟನೆಯ ಹೊತ್ತಿನಲ್ಲೇ ಸ್ವತಃ ಬರೆದ ಟಿಪ್ಪಣಿಯನ್ನು ನೋಡಿ ನೆನಪು ಮಾಡಿಕೊಳ್ಳಲು ಸಾಕ್ಷಿಗೆ ಅವಕಾಶವಿದೆ. ಎದುರಿನ ವಕೀಲರೂ ಅದನ್ನು ಕೇಳಿ ನೋಡಬಹುದು. ಆದ್ದರಿಂದ ಆ ಪುಟದಲ್ಲಿ ಆಮೇಲೆ ಒಂದು ಅಕ್ಷರವನ್ನೂ ಸೇರಿಸಬೇಡಿ.